ಹಾಲಿವುಡ್‌ನಾಚೆಯ ಯುದ್ಧಚಿತ್ರಗಳು: ಯಾವುದನ್ನು, ಯಾರಿಗೆ, ಹೇಗೆ ಶಿಫಾರಸು ಮಾಡಬೇಕು?

ಮೆಮೋರಿಯಲ್ ಡೇ ವಾರಾಂತ್ಯ ಎಂದುಕೊಳ್ಳಿ. ಹೈಸ್ಕೂಲಿನಲ್ಲಿ ಎರಡನೇ ಮಹಾಯುದ್ಧದ ಪಾಠ ಮುಗಿಸಿ ಬಂದ ಮಗ ‘ಒಳ್ಳೇ ವಾರ್ ಮೂವಿ ಹಾಕಿ’ ಅನ್ನುತ್ತಾನೆ. ಊರಿನಿಂದ ಬಂದ ಅಜ್ಜ-ಅಜ್ಜಿಯೂ ಸೋಫಾದ ಮೇಲೆ ಕೂತಿದ್ದಾರೆ. ಟಿವಿ ಹಾಕಿದರೆ ಮುಂದೆ ಬರುವುದು ‘ಸೇವಿಂಗ್ ಪ್ರೈವೇಟ್ ರಯಾನ್’, ‘ಫ್ಯೂರಿ’, ‘ಪ್ಲಟೂನ್’ ಮುಂತಾದ ನೋಡಿದ ಹೆಸರುಗಳೇ. ಶಿಕಾಗೋ ಪಕ್ಕದ ವೆಸ್ಟ್‌ಮಂಟ್, ಡೌನರ್ಸ್ ಗ್ರೋವ್, ನೇಪರ್‌ವಿಲ್ ಕಡೆಯ ಕನ್ನಡದ ಮನೆಗಳಿಗೆ ಈ ಪೇಚು ಹೊಸದಲ್ಲ. ‘ಹಾಲಿವುಡ್ ಬಿಟ್ಟು ಬೇರೇನಾದರೂ ಹೇಳಿ’ ಎಂದು ಗೆಳೆಯರನ್ನು ಕೇಳಿದರೆ ಐವತ್ತು ಹೆಸರಿನ ಉದ್ದ ಪಟ್ಟಿ ಬರುತ್ತದೆ. ಇಲ್ಲವೇ ಎಲ್ಲಕ್ಕಿಂತ ಘೋರವಾದ ಒಂದು ಹೆಸರು ಬರುತ್ತದೆ. ಪಟ್ಟಿ ಹಾಗೇ ಮೂಲೆ ಸೇರುತ್ತದೆ, ಘೋರ ಚಿತ್ರ ಅರ್ಧಕ್ಕೆ ನಿಲ್ಲುತ್ತದೆ.

ಪಟ್ಟಿಯ ಚಿತ್ರಗಳು ಚೆನ್ನಾಗಿರುತ್ತವೆ. ಆದರೆ ಆ ಪಟ್ಟಿ ಮಾಡಿದವರಿಗೆ ನೋಡುವವರು ಯಾರೆಂದು ಗೊತ್ತಿರುವುದಿಲ್ಲ. ಆದ್ದರಿಂದ ‘ಅತ್ಯುತ್ತಮ ಯಾವುದು’ ಎಂದು ಹುಡುಕುವ ಬದಲು ‘ಈ ಚಿತ್ರ ಯುದ್ಧವನ್ನು ಯಾರ ಕಣ್ಣಿನಿಂದ ನೋಡುತ್ತದೆ, ಅದನ್ನು ನೋಡಲು ಕೂತವರು ಯಾರು’ ಎಂಬ ಎರಡು ಪ್ರಶ್ನೆ ಕೇಳಿಕೊಳ್ಳಿ. ಇವೆರಡಕ್ಕೂ ಉತ್ತರ ಹೊಂದಿದರೆ 60 ವರ್ಷ ಹಳೆಯ ಕಪ್ಪು-ಬಿಳುಪು ಚಿತ್ರವೂ ಹದಿಹರೆಯದ ಮಕ್ಕಳನ್ನು ಹಿಡಿದು ಕೂರಿಸುತ್ತದೆ.

ಹೊರಗಿನ ಚಿತ್ರಗಳಲ್ಲಿ ಬೇರೆ ಏನಿದೆ?

1865ರಲ್ಲಿ ಅಂತರ್ಯುದ್ಧ ಮುಗಿದ ಮೇಲೆ ಅಮೆರಿಕದ ಮುಖ್ಯ ಭೂಭಾಗದ ಊರುಗಳು ದೊಡ್ಡ ಸೇನಾದಾಳಿಯನ್ನು ಕಂಡಿಲ್ಲ. ಹಾಗಾಗಿ ಇಲ್ಲಿನ ಯುದ್ಧಚಿತ್ರದ ಕಥೆ ಹೆಚ್ಚಾಗಿ ಒಂದೇ ದಾರಿಯಲ್ಲಿ ಸಾಗುತ್ತದೆ: ಯುವಕ ಮನೆ ಬಿಡುತ್ತಾನೆ, ದೂರದ ದೇಶದಲ್ಲಿ ಹೋರಾಡುತ್ತಾನೆ, ಬದಲಾಗಿ ಮರಳುತ್ತಾನೆ ಅಥವಾ ಮರಳುವುದಿಲ್ಲ. ವಾರ್ಸಾ, ಕೋಬೆ, ಮಿನ್ಸ್ಕ್, ಅಲ್ಜಿಯರ್ಸ್, ಸಾರಾಯೆವೊಗಳಲ್ಲಿ ನಡೆದದ್ದು ಬೇರೆ. ಅಲ್ಲಿ ಯುದ್ಧವೇ ಮನೆಯಂಗಳಕ್ಕೆ ಬಂತು. ಆ ನೆಲದ ನಿರ್ದೇಶಕರ ಚಿತ್ರಗಳಲ್ಲಿ ತಾಯಿ, ಮಗು, ಮೇಷ್ಟ್ರು, ಅಕ್ಕಿ ಅಂಗಡಿಯವನು ಎಲ್ಲರೂ ಮುಖ್ಯ ಪಾತ್ರಗಳಾದದ್ದು ಅದಕ್ಕೇ.

ಇನ್ನೊಂದು ಕಾರಣ ಹಣ ಮತ್ತು ಅನುಮತಿ. ಹಾಲಿವುಡ್ ನಿರ್ಮಾಪಕರಿಗೆ ಹಡಗು, ವಿಮಾನ, ಟ್ಯಾಂಕ್ ಕೊಡುವ ಮೊದಲು ಅಮೆರಿಕದ ರಕ್ಷಣಾ ಇಲಾಖೆ ಚಿತ್ರಕಥೆಯನ್ನು ಪರಿಶೀಲಿಸುತ್ತದೆ. ಅಂಥ ಬಲವಿಲ್ಲದ ನಿರ್ದೇಶಕರು ಕ್ಯಾಮೆರಾವನ್ನು ಮುಖಗಳ ಮೇಲೆ ನಿಲ್ಲಿಸಿದರು. ಹಾಗೆಂದು ಹೊರಗಿನವರೆಲ್ಲ ಸ್ವತಂತ್ರರಾಗಿದ್ದರು ಎನ್ನಲಾಗದು. ಸೋವಿಯತ್ ನಿರ್ದೇಶಕ ಎಲೆಮ್ ಕ್ಲಿಮೋವ್ ‘ಕಮ್ ಆ್ಯಂಡ್ ಸೀ’ ಚಿತ್ರಕ್ಕೆ ಸರ್ಕಾರದ ಒಪ್ಪಿಗೆ ಪಡೆಯಲು ವರ್ಷಗಟ್ಟಲೆ ಕಾದರು. ‘ದಿ ಬ್ಯಾಟಲ್ ಆಫ್ ಅಲ್ಜಿಯರ್ಸ್’ ಫ್ರಾನ್ಸ್‌ನಲ್ಲಿ ಕೆಲವು ವರ್ಷ ತೆರೆ ಕಾಣಲಿಲ್ಲ. ಒತ್ತಡ ಎಲ್ಲ ಕಡೆಯೂ ಇತ್ತು, ಅದರ ಬಗೆ ಮಾತ್ರ ಬೇರೆ.

ಮೊದಲ ಹೆಜ್ಜೆ: ಯಾರ ಕಣ್ಣು?

ಚಿತ್ರಗಳನ್ನು ದೇಶವಾರು ವಿಂಗಡಿಸಬೇಡಿ, ದೃಷ್ಟಿವಾರು ವಿಂಗಡಿಸಿ. ಐದು ಗುಂಪು ಸಾಕು.

1. ಮನೆಗೆ ಹೊರಟ ಸೈನಿಕನ ಕಣ್ಣು. ಗ್ರಿಗೊರಿ ಚುಖ್ರಾಯ್ ನಿರ್ದೇಶನದ ‘ಬಲ್ಲಾಡ್ ಆಫ್ ಎ ಸೋಲ್ಜರ್’ (1959) ಈ ಗುಂಪಿನ ಮೊದಲ ಹೆಸರು. ಹತ್ತೊಂಬತ್ತರ ಹುಡುಗ ಅಲ್ಯೋಶಾ ಎರಡು ಟ್ಯಾಂಕ್ ಧ್ವಂಸ ಮಾಡುತ್ತಾನೆ. ಪದಕದ ಬದಲು ರಜೆ ಕೇಳುತ್ತಾನೆ, ಅಮ್ಮನ ಮನೆಯ ಸೂರು ರಿಪೇರಿ ಮಾಡಬೇಕು. ಸಿಕ್ಕ ಆರು ದಿನ ರೈಲಿನಲ್ಲಿ, ದಾರಿಯಲ್ಲಿ, ಪರರ ಕಷ್ಟಕ್ಕೆ ಕೈಜೋಡಿಸುವುದರಲ್ಲಿ ಕರಗುತ್ತ ಹೋಗುತ್ತವೆ. ಅವನು ಮತ್ತೆ ಮರಳಲಿಲ್ಲವೆಂದು ಚಿತ್ರ ಮೊದಲಲ್ಲೇ ಹೇಳಿಬಿಡುತ್ತದೆ. ಆದ್ದರಿಂದ ‘ಮುಂದೇನು’ ಎಂಬ ಕುತೂಹಲಕ್ಕೆ ಎಡೆಯಿಲ್ಲ, ಒಂದೊಂದು ಭೇಟಿಗೂ ಬೆಲೆ ಬರುತ್ತದೆ. ಒಂದೂವರೆ ಗಂಟೆಯೊಳಗೆ ಮುಗಿಯುತ್ತದೆ, ರಕ್ತಪಾತ ಬಹಳ ಕಡಿಮೆ. ಯಾರಿಗೆ ಏನು ಹೇಳಬೇಕೆಂದು ತೋಚದಿದ್ದಾಗ ಇದನ್ನೇ ಹೇಳಿ.

2. ಕಾದು ಕುಳಿತವರ ಕಣ್ಣು. ಮಿಖಾಯಿಲ್ ಕಲಟೋಝೋವ್ ಅವರ ‘ದಿ ಕ್ರೇನ್ಸ್ ಆರ್ ಫ್ಲೈಯಿಂಗ್’ (1957) ಗೆಳೆಯನನ್ನು ರಣರಂಗಕ್ಕೆ ಕಳಿಸಿದ ವೆರೋನಿಕಾಳ ಕಥೆ. 1958ರ ಕಾನ್ ಉತ್ಸವದಲ್ಲಿ ಅತ್ಯುನ್ನತ ಪ್ರಶಸ್ತಿ ಪಡೆಯಿತು. ಸೆರ್ಗೆಯ್ ಉರುಸೆವ್‌ಸ್ಕಿಯ ಕ್ಯಾಮೆರಾ ಜನಸಂದಣಿಯಲ್ಲಿ ಅವಳ ಹಿಂದೆಯೇ ಓಡುತ್ತದೆ. ಇದೇ ಸಾಲಿಗೆ ವಿಯೆಟ್ನಾಮಿನ ದಾಂಗ್ ನ್ಯಾಟ್ ಮಿನ್ ನಿರ್ದೇಶಿಸಿದ ‘ವೆನ್ ದ ಟೆಂತ್ ಮಂತ್ ಕಮ್ಸ್’ (1984) ಸೇರುತ್ತದೆ. ಗಂಡ ಸತ್ತ ಸುದ್ದಿಯನ್ನು ಕಾಯಿಲೆಯ ಮಾವನಿಗೆ ಹೇಳಲಾರದ ಸೊಸೆ, ಊರಿನ ಮೇಷ್ಟ್ರ ಕೈಯಲ್ಲಿ ಗಂಡನ ಹೆಸರಿನ ಕಾಗದ ಬರೆಸುತ್ತಾಳೆ. ವಿಯೆಟ್ನಾಂ ಎಂದರೆ ಅಮೆರಿಕದ ಸೈನಿಕರು ಹೆಲಿಕಾಪ್ಟರಿನಿಂದ ಇಳಿಯುವ ಕಾಡು ಎಂದಷ್ಟೇ ಕಂಡವರಿಗೆ ಈ ಹಳ್ಳಿಮನೆ ಹೊಸದು. ಹುಡುಕುವುದು ಸ್ವಲ್ಪ ಕಷ್ಟ. ಸಿಕ್ಕಾಗ ಬಿಡಬೇಡಿ.

3. ಮಗುವಿನ ಕಣ್ಣು. ಇಸಾವೊ ತಕಾಹತಾ ಅವರ ‘ಗ್ರೇವ್ ಆಫ್ ದ ಫೈರ್‌ಫ್ಲೈಸ್’ (1988) ಕೋಬೆ ನಗರದ ಬಾಂಬ್ ದಾಳಿಯಲ್ಲಿ ಅಮ್ಮನನ್ನು ಕಳೆದುಕೊಂಡ 14ರ ಅಣ್ಣ, 4ರ ತಂಗಿಯ ಕಥೆ. ಮೂಲ ಕಥೆ ಬರೆದ ಅಕಿಯುಕಿ ನೊಸಾಕಾ ಯುದ್ಧಕಾಲದ ಹಸಿವಿಗೆ ತಮ್ಮ ಪುಟ್ಟ ತಂಗಿಯನ್ನು ಕಳೆದುಕೊಂಡವರು. ತಾರ್ಕೋವ್‌ಸ್ಕಿಯ ಮೊದಲ ಪೂರ್ಣಪ್ರಮಾಣದ ಚಿತ್ರ ‘ಇವಾನ್ಸ್ ಚೈಲ್ಡ್‌ಹುಡ್’ (1962), ಕುರ್ದಿಸ್ತಾನದ ಬಹ್ಮನ್ ಘೊಬಾದಿಯವರ ‘ಟರ್ಟಲ್ಸ್ ಕ್ಯಾನ್ ಫ್ಲೈ’ (2004), ಕ್ಲಿಮೋವ್‌ರ ‘ಕಮ್ ಆ್ಯಂಡ್ ಸೀ’ (1985) ಎಲ್ಲ ಇದೇ ಗುಂಪು. ಮಕ್ಕಳ ಮುಖವೇ ಇವುಗಳ ಶಕ್ತಿ. ಹಾಗಾಗಿ ನೋಡಲು ಅತಿ ಕಠಿಣವಾದವೂ ಇವೇ.

4. ಎದುರು ಪಾಳೆಯದ ಕಣ್ಣು. ಜಾನ್ ರೆನ್ವಾರ್ ಅವರ ‘ಗ್ರ್ಯಾಂಡ್ ಇಲ್ಯೂಷನ್’ (1937) ಮೊದಲ ಮಹಾಯುದ್ಧದ ಸೆರೆಶಿಬಿರದ ಕಥೆ. ಸೆರೆಯಾಳಿಗೂ ಕಾವಲು ಅಧಿಕಾರಿಗೂ ನಡುವೆ ಸ್ನೇಹ ಹುಟ್ಟುತ್ತದೆ. ಕಾನ್ ಇಚಿಕಾವಾರ ‘ದಿ ಬರ್ಮೀಸ್ ಹಾರ್ಪ್’ (1956) ಸೋತ ಜಪಾನಿ ಸೈನಿಕನೊಬ್ಬ ಬರ್ಮಾದ ನೆಲದಲ್ಲಿ ಅನಾಥವಾಗಿ ಬಿದ್ದ ಶವಗಳನ್ನು ಹೂಳಲು ಬೌದ್ಧ ಭಿಕ್ಷುವಿನ ವೇಷದಲ್ಲಿ ಉಳಿದುಬಿಡುವ ಕಥೆ. ಅದೇ ಬರ್ಮಾ ರಂಗದ ಅರಾಕಾನ್‌ನಲ್ಲಿ ಮಡಿಕೇರಿಯ ಕೆ.ಎಸ್. ತಿಮ್ಮಯ್ಯ ಭಾರತೀಯ ಬ್ರಿಗೇಡ್ ಒಂದನ್ನು ಮುನ್ನಡೆಸಿದ್ದರು. ಕೊಡಗಿನ ಮನೆಗಳಿಗೆ ಆ ಕಾಡು ದೂರದ್ದಲ್ಲ. ಅಲ್ಲಿ ನಮ್ಮವರ ಎದುರು ನಿಂತವನ ದುಃಖವನ್ನು ಈ ಚಿತ್ರ ತೋರಿಸುತ್ತದೆ.

5. ಆಕ್ರಮಿತ ಊರಿನ ಕಣ್ಣು. ರೊಸೆಲಿನಿಯ ‘ರೋಮ್, ಓಪನ್ ಸಿಟಿ’ (1945), ಆ್ಯಂದ್ರೇ ವಾಯ್ಡಾ ಅವರ ‘ಕನಾಲ್’ (1957), ಜಾನ್-ಪಿಯೆರ್ ಮೆಲ್ವಿಲ್ ಅವರ ‘ಆರ್ಮಿ ಆಫ್ ಶ್ಯಾಡೋಸ್’ (1969), ಜಿಲ್ಲೋ ಪಾಂಟೆಕೊರ್ವೊ ಅವರ ‘ದಿ ಬ್ಯಾಟಲ್ ಆಫ್ ಅಲ್ಜಿಯರ್ಸ್’ (1966), ಯಾಸ್ಮಿಲಾ ಜ್ಬಾನಿಚ್ ಅವರ ‘ಕ್ವೋ ವಾಡಿಸ್, ಐಡಾ?’ (2020). ಸತ್ಯಜಿತ್ ರಾಯ್ ಅವರ ‘ಅಶನಿ ಸಂಕೇತ್’ (1973) ಚಿತ್ರವನ್ನೂ ನಾನು ಇಲ್ಲೇ ಇಡುತ್ತೇನೆ. ಅದರಲ್ಲಿ ಕಾಳಗವೇ ಇಲ್ಲ. ಆಗಾಗ ವಿಮಾನ ಹಾರಿಹೋಗುತ್ತದೆ, ಅಕ್ಕಿಯ ಬೆಲೆ ಏರುತ್ತದೆ, ಹಸಿರು ತುಂಬಿದ ಬಂಗಾಳದ ಹಳ್ಳಿ 1943ರ ಕ್ಷಾಮಕ್ಕೆ ಜಾರುತ್ತದೆ. ಬರ್ಲಿನ್‌ನಲ್ಲಿ ಚಿನ್ನದ ಕರಡಿ ಗೆದ್ದ ಈ ಚಿತ್ರ, ಗುಂಡು ಹಾರದ ಊರಿನಲ್ಲೂ ಯುದ್ಧ ಹೇಗೆ ಕೊಲ್ಲುತ್ತದೆ ಎಂಬುದನ್ನು ತೋರಿಸುತ್ತದೆ.

ಎರಡನೇ ಹೆಜ್ಜೆ: ನೋಡುವವರು ಯಾರು?

1. ಹೈಸ್ಕೂಲ್ ಮಕ್ಕಳಿಗೆ: 2022ರ ಜರ್ಮನ್ ‘ಆಲ್ ಕ್ವಯಟ್ ಆನ್ ದ ವೆಸ್ಟರ್ನ್ ಫ್ರಂಟ್’. ನೆಟ್‌ಫ್ಲಿಕ್ಸ್ ಚಿತ್ರ, ನಾಲ್ಕು ಆಸ್ಕರ್ ಗೆದ್ದಿದೆ. ಅವರಿಗೆ ಪರಿಚಿತವಾದ ವೇಗ ಮತ್ತು ಶಬ್ದ ಇದರಲ್ಲಿದೆ, ದೃಷ್ಟಿ ಮಾತ್ರ ಸೋತ ಜರ್ಮನ್ ಹುಡುಗನದು. ಹಿಂಸೆ ತೀವ್ರವಾಗಿರುವುದರಿಂದ ಹತ್ತನೇ ತರಗತಿಯಿಂದ ಮೇಲಿನವರಿಗೆ, ದೊಡ್ಡವರು ಜೊತೆಗಿದ್ದು ತೋರಿಸಿ.

2. ‘ಆಕ್ಷನ್ ಇರಬೇಕು’ ಎನ್ನುವವರಿಗೆ: ವೋಲ್ಫ್‌ಗಾಂಗ್ ಪೀಟರ್‌ಸನ್ ಅವರ ‘ದಾಸ್ ಬೋಟ್’ (1981). ಜಲಾಂತರ್ಗಾಮಿಯ ಇಕ್ಕಟ್ಟಿನಲ್ಲಿ ಸೋನಾರ್‌ನ ಒಂದು ಸದ್ದೇ ಎದೆ ನಡುಗಿಸುತ್ತದೆ. ರೋಚಕತೆ ಬಯಸಿ ಬಂದವರು ಯುದ್ಧದ ವ್ಯರ್ಥತೆಯನ್ನು ಕಂಡು ಎದ್ದುಹೋಗುತ್ತಾರೆ.

3. ‘ಲಗಾನ್’ ಅಭಿಮಾನಿಗಳಿಗೆ: ಡಾನಿಸ್ ತಾನೊವಿಚ್ ಅವರ ‘ನೋ ಮ್ಯಾನ್ಸ್ ಲ್ಯಾಂಡ್’ (2001). 2002ರ ಆಸ್ಕರ್ ಸಮಾರಂಭದಲ್ಲಿ ‘ಲಗಾನ್’ ಎದುರು ಗೆದ್ದ ಬೋಸ್ನಿಯಾದ ಚಿತ್ರ ಇದೇ. ಎರಡು ಸೇನೆಗಳ ನಡುವಿನ ಕಂದಕದಲ್ಲಿ ಇಬ್ಬರು ವೈರಿಗಳು ಸಿಕ್ಕಿಬಿದ್ದಿದ್ದಾರೆ. ಮೂರನೆಯವನು ನೆಲಬಾಂಬಿನ ಮೇಲೆ ಮಲಗಿದ್ದಾನೆ, ಎದ್ದರೆ ಸ್ಫೋಟ. ಅಂದು ಬೇಸರಪಟ್ಟವರೆಲ್ಲ ಒಮ್ಮೆ ನೋಡಲೇಬೇಕು. ನಮ್ಮವರಿಗೆ ಹೇಳಿ ಒಪ್ಪಿಸಲು ಇಷ್ಟು ಸುಲಭವಾದ ಇನ್ನೊಂದು ಹೆಸರಿಲ್ಲ.

4. ಇಂಗ್ಲಿಷ್ ಅಕ್ಷರ ಬೇಗ ಓದಲಾಗದ ಹಿರಿಯರಿಗೆ: ‘ಬಲ್ಲಾಡ್ ಆಫ್ ಎ ಸೋಲ್ಜರ್’, ‘ಅಶನಿ ಸಂಕೇತ್’. ಎರಡರಲ್ಲೂ ಮಾತಿಗಿಂತ ಮುಖ ಹೆಚ್ಚು ಹೇಳುತ್ತದೆ. ಹಿಂದಿ ಬಲ್ಲವರಿಗೆ ಬಂಗಾಳಿ ಅಲ್ಪಸ್ವಲ್ಪ ಕಿವಿಗೆ ಹತ್ತುತ್ತದೆ.

5. ಹಿಂಸೆ ನೋಡಲಾಗದವರಿಗೆ: ‘ಗ್ರ್ಯಾಂಡ್ ಇಲ್ಯೂಷನ್’. ಸೆರೆಶಿಬಿರದ ಚಿತ್ರವಾದರೂ ಸಜ್ಜನಿಕೆಯೇ ಅದರ ವಸ್ತು.

6. ಇತಿಹಾಸ, ರಾಜಕೀಯ ಓದುವವರಿಗೆ: ‘ದಿ ಬ್ಯಾಟಲ್ ಆಫ್ ಅಲ್ಜಿಯರ್ಸ್’. ಸುದ್ದಿಚಿತ್ರದಂತೆ ಕಂಡರೂ ಸುದ್ದಿಚಿತ್ರದ ಒಂದು ತುಣುಕೂ ಅದರಲ್ಲಿಲ್ಲ. ಅಲ್ಜೀರಿಯಾದ ಸ್ವಾತಂತ್ರ್ಯ ಹೋರಾಟದ ನಾಯಕರಲ್ಲಿ ಒಬ್ಬರಾದ ಸಾದಿ ಯಾಸೆಫ್ ತಮ್ಮನ್ನೇ ಹೋಲುವ ಪಾತ್ರ ಮಾಡಿದ್ದಾರೆ. ಇರಾಕ್ ಯುದ್ಧ ಶುರುವಾದ 2003ರಲ್ಲಿ ಪೆಂಟಗನ್‌ನಲ್ಲಿಯೇ ಇದರ ಪ್ರದರ್ಶನ ನಡೆಯಿತು. ಬಾಂಬ್ ಇಡುವವರನ್ನೂ ಚಿತ್ರಹಿಂಸೆ ಕೊಡುವವರನ್ನೂ ಅದು ಕಣ್ಣು ತಪ್ಪಿಸದೆ ನೋಡುತ್ತದೆ.

ಮೂರನೇ ಹೆಜ್ಜೆ: ಸುಲಭದಿಂದ ಕಠಿಣಕ್ಕೆ

ಈಜು ಕಲಿಸುವವರು ಹುಡುಗರನ್ನು ಮೊದಲ ದಿನವೇ ಸುಳಿಗೆ ಇಳಿಸುವುದಿಲ್ಲ. ಯುದ್ಧಚಿತ್ರಗಳಿಗೂ ಮೆಟ್ಟಿಲು ಬೇಕು. ಮೊದಲ ಚಿತ್ರದಲ್ಲೇ ನಲುಗಿಹೋದವರು ಎರಡನೆಯದಕ್ಕೆ ಬರುವುದಿಲ್ಲ.

ಮೊದಲ ಮೆಟ್ಟಿಲು: ‘ಬಲ್ಲಾಡ್ ಆಫ್ ಎ ಸೋಲ್ಜರ್’, ‘ಗ್ರ್ಯಾಂಡ್ ಇಲ್ಯೂಷನ್’, ‘ದಿ ಬರ್ಮೀಸ್ ಹಾರ್ಪ್’.

ಎರಡನೇ ಮೆಟ್ಟಿಲು: ‘ನೋ ಮ್ಯಾನ್ಸ್ ಲ್ಯಾಂಡ್’, ‘ದಾಸ್ ಬೋಟ್’, ‘ದಿ ಕ್ರೇನ್ಸ್ ಆರ್ ಫ್ಲೈಯಿಂಗ್’, ‘ಅಶನಿ ಸಂಕೇತ್’.

ಮೂರನೇ ಮೆಟ್ಟಿಲು: ‘ಕನಾಲ್’, ‘ಆರ್ಮಿ ಆಫ್ ಶ್ಯಾಡೋಸ್’, ‘ದಿ ಬ್ಯಾಟಲ್ ಆಫ್ ಅಲ್ಜಿಯರ್ಸ್’, ‘ಕ್ವೋ ವಾಡಿಸ್, ಐಡಾ?’.

ಕೊನೆಯ ಮೆಟ್ಟಿಲು: ‘ಗ್ರೇವ್ ಆಫ್ ದ ಫೈರ್‌ಫ್ಲೈಸ್’, ‘ಟರ್ಟಲ್ಸ್ ಕ್ಯಾನ್ ಫ್ಲೈ’, ‘ಕಮ್ ಆ್ಯಂಡ್ ಸೀ’.

ಮಸಾಕಿ ಕೊಬಯಾಶಿಯ ‘ದಿ ಹ್ಯೂಮನ್ ಕಂಡಿಷನ್’ (1959-61) ಮೂರು ಭಾಗಗಳಲ್ಲಿ ಒಂಬತ್ತು ಗಂಟೆ ದಾಟುತ್ತದೆ. ಅದನ್ನು ಚಳಿಗಾಲದ ವಾರಾಂತ್ಯಗಳಿಗೆ ಎತ್ತಿಡಿ, ವಾರಕ್ಕೊಂದು ಭಾಗದಂತೆ ನೋಡಿ.

ಎಲ್ಲಿ ಸಿಗುತ್ತವೆ?

1. ಮೊದಲು ಲೈಬ್ರರಿಗೆ ಹೋಗಿ. ಕ್ಯಾಸ್ ಅವೆನ್ಯೂದಲ್ಲಿರುವ ವೆಸ್ಟ್‌ಮಂಟ್ ಪಬ್ಲಿಕ್ ಲೈಬ್ರರಿ ‘ಸ್ವಾನ್’ ಎಂಬ ಗ್ರಂಥಾಲಯ ಒಕ್ಕೂಟದಲ್ಲಿದೆ. ನಿಮ್ಮ ಶಾಖೆಯಲ್ಲಿ ಇಲ್ಲದ ಡಿವಿಡಿ, ಬ್ಲೂ-ರೇಗಳನ್ನು ಕ್ಯಾಟಲಾಗ್‌ನಲ್ಲಿ ಹುಡುಕಿ ‘ಹೋಲ್ಡ್’ ಹಾಕಿದರೆ ಬೇರೆ ಊರಿನ ಶಾಖೆಯಿಂದ ತರಿಸಿಕೊಡುತ್ತಾರೆ. ಈ ಲೇಖನದಲ್ಲಿ ಚಿತ್ರಗಳಿಗೆ ಇಂಗ್ಲಿಷ್ ಹೆಸರನ್ನೇ ಹೆಚ್ಚಾಗಿ ಕೊಟ್ಟಿರುವುದು ಹುಡುಕಲು ಸುಲಭವಾಗಲಿ ಎಂದೇ. ಜೊತೆಗೆ ನಿರ್ದೇಶಕರ ಹೆಸರನ್ನೂ ಸೇರಿಸಿ ಹುಡುಕಿ, ಒಂದೇ ಶೀರ್ಷಿಕೆಯ ಬೇರೆ ಚಿತ್ರ ಬರುವುದು ತಪ್ಪುತ್ತದೆ.

2. ಲೈಬ್ರರಿ ಕಾರ್ಡಿನಿಂದಲೇ ಉಚಿತವಾಗಿ ನೋಡಬಹುದಾದ ಕ್ಯಾನೊಪಿ, ಹೂಪ್ಲಾ ಮುಂತಾದ ಸೇವೆಗಳಿವೆ. ನಿಮ್ಮ ಊರಿನ ಕಾರ್ಡಿಗೆ ಯಾವುದು ಲಭ್ಯ ಎಂದು ಕೌಂಟರಿನಲ್ಲಿ ಕೇಳಿ, ಊರಿಂದೂರಿಗೆ ವ್ಯತ್ಯಾಸ ಇರುತ್ತದೆ.

3. ರಷ್ಯಾದ ಮಾಸ್‌ಫಿಲ್ಮ್ ಸ್ಟುಡಿಯೊ ತನ್ನ ಅನೇಕ ಹಳೆಯ ಚಿತ್ರಗಳನ್ನು ಸಬ್‌ಟೈಟಲ್ ಸಮೇತ ಯೂಟ್ಯೂಬಿನಲ್ಲಿ ಹಾಕಿದೆ. ಹಣ ಕೊಟ್ಟು ಬಾಡಿಗೆಗೆ ಪಡೆಯುವ ಮುನ್ನ ಅಲ್ಲಿ ನೋಡಿ.

4. ಹಳೆಯ ಕ್ಲಾಸಿಕ್‌ಗಳಿಗೆ ಕ್ರೈಟೀರಿಯನ್ ಸಂಸ್ಥೆಯ ಆವೃತ್ತಿ ಉತ್ತಮ. ಚಿತ್ರ ಸ್ವಚ್ಛವಾಗಿರುತ್ತದೆ, ಅಡಿಬರಹ ನಿಖರವಾಗಿರುತ್ತದೆ, ಹಿನ್ನೆಲೆ ಹೇಳುವ ಸಂದರ್ಶನಗಳೂ ಇರುತ್ತವೆ.

5. ದೊಡ್ಡ ಪರದೆಯ ಅವಕಾಶ ತಪ್ಪಿಸಿಕೊಳ್ಳಬೇಡಿ. ಶಿಕಾಗೋದ ಜೀನ್ ಸಿಸ್ಕೆಲ್ ಫಿಲ್ಮ್ ಸೆಂಟರ್, 1929ರಲ್ಲಿ ಆರಂಭವಾದ ಮ್ಯೂಸಿಕ್ ಬಾಕ್ಸ್ ಥಿಯೇಟರ್‌ಗಳಲ್ಲಿ ಹೊರದೇಶದ ಹಳೆಯ, ಹೊಸ ಚಿತ್ರಗಳು ಬರುತ್ತಿರುತ್ತವೆ. ವೆಸ್ಟ್‌ಮಂಟ್ ನಿಲ್ದಾಣದಲ್ಲಿ ಮೆಟ್ರಾದ ಬಿಎನ್‌ಎಸ್‌ಎಫ್ ರೈಲು ಹತ್ತಿದರೆ ಯೂನಿಯನ್ ಸ್ಟೇಷನ್‌ಗೆ ನೇರ ದಾರಿ, ಪಾರ್ಕಿಂಗಿನ ಚಿಂತೆಯಿಲ್ಲ. ಡೆಟ್ರಾಯಿಟ್ ಕಡೆಯವರಿಗೆ ಡೆಟ್ರಾಯಿಟ್ ಇನ್‌ಸ್ಟಿಟ್ಯೂಟ್ ಆಫ್ ಆರ್ಟ್ಸ್‌ನೊಳಗಿನ ಡೆಟ್ರಾಯಿಟ್ ಫಿಲ್ಮ್ ಥಿಯೇಟರ್, ಆ್ಯನ್ ಆರ್ಬರ್‌ನ ಮಿಷಿಗನ್ ಥಿಯೇಟರ್ ಇವೆ.

ನೋಡುವ ಸಂಜೆಗೆ ತಯಾರಿ

1. ಐದು ನಿಮಿಷ ಭೂಪಟ ತೆರೆಯಿರಿ. ಯಾವ ಊರು, ಯಾವ ವರ್ಷ, ಯಾರು ಯಾರ ಮೇಲೆ ಎಂಬ ಮೂರು ಮಾತು ಹೇಳಿದರೆ ಸಾಕು. ‘ಕನಾಲ್’ ನೋಡುವ ಮುನ್ನ 1944ರಲ್ಲಿ ವಾರ್ಸಾ ಜನ ಜರ್ಮನರ ವಿರುದ್ಧ ಬಂಡೆದ್ದು ಕೊನೆಗೆ ಚರಂಡಿಗಳ ಮೂಲಕ ಪಾರಾಗಲು ಯತ್ನಿಸಿದರು ಎಂದು ಗೊತ್ತಿದ್ದರೆ ಮೊದಲ ಅರ್ಧಗಂಟೆಯ ಗೊಂದಲ ಇರುವುದಿಲ್ಲ. ಕಥೆಯ ಅಂತ್ಯ ಮಾತ್ರ ಹೇಳಬೇಡಿ.

2. ಮೂಲ ಭಾಷೆಯ ಧ್ವನಿಯನ್ನೇ ಇಡಿ. ನಡುಗುವ ದನಿ, ತಡವರಿಸುವ ಉಸಿರು ಕೂಡ ನಟನೆಯ ಭಾಗ. ಇಂಗ್ಲಿಷ್ ಡಬ್ಬಿಂಗ್ ಅದನ್ನು ಅಳಿಸಿಹಾಕುತ್ತದೆ. ಕೆಲವು ಸೇವೆಗಳು ತಾವಾಗಿಯೇ ಇಂಗ್ಲಿಷ್ ಧ್ವನಿ ಹಾಕುತ್ತವೆ, ಶುರುವಿನಲ್ಲೇ ಸೆಟ್ಟಿಂಗ್ ನೋಡಿ ಬದಲಿಸಿ.

3. ಸಬ್‌ಟೈಟಲ್ ಅಕ್ಷರವನ್ನು ದೊಡ್ಡದು ಮಾಡಿ. ಹಿಂದೆ ಕಪ್ಪು ಪಟ್ಟಿ ಹಾಕುವ ಆಯ್ಕೆ ಇದ್ದರೆ ಬಳಸಿ. ಹಿಮ ತುಂಬಿದ ದೃಶ್ಯಗಳಲ್ಲಿ ಬಿಳಿ ಅಕ್ಷರ ಕಾಣುವುದಿಲ್ಲ.

4. ಹಿರಿಯರು ಜೊತೆಗಿದ್ದರೆ ಒಬ್ಬರು ಕನ್ನಡದಲ್ಲಿ ಹೇಳುವ ಹೊಣೆ ಹೊರಲಿ. ಮಾತುಮಾತಿಗೂ ಅನುವಾದ ಬೇಡ. ದೃಶ್ಯ ಮುಗಿದಾಗ ಎರಡು ವಾಕ್ಯ ಸಾಕು. ಈ ಕೆಲಸವನ್ನು ಮಕ್ಕಳಿಗೇ ಕೊಡಿ. ಅಜ್ಜಿಗೆ ತಿಳಿಯುವಂತೆ ಹೇಳಲು ಅವರು ಚಿತ್ರವನ್ನು ಇನ್ನಷ್ಟು ಗಮನವಿಟ್ಟು ನೋಡುತ್ತಾರೆ, ಕನ್ನಡವೂ ನಾಲಿಗೆಗೆ ಹತ್ತುತ್ತದೆ.

5. ಮುಗಿದ ಮೇಲೆ ತಕ್ಷಣ ಇನ್ನೊಂದು ಹಾಕಬೇಡಿ. ‘ಯಾರ ಮುಖ ನೆನಪಿನಲ್ಲಿ ಉಳಿಯಿತು?’ ಎಂಬ ಒಂದೇ ಪ್ರಶ್ನೆ ಕೇಳಿ. ಮಾತು ತಾನಾಗಿ ಬರುತ್ತದೆ.

ಕಂಡದ್ದನ್ನು ಮುಟ್ಟಿನೋಡುವ ಅವಕಾಶ

ಶಿಕಾಗೋ ಸುತ್ತಿನವರಿಗೆ ಬೇರೆಯವರಿಗಿಲ್ಲದ ಅನುಕೂಲ ಒಂದಿದೆ. 1944ರ ಜೂನ್ 4ರಂದು ಆಫ್ರಿಕಾದ ಪಶ್ಚಿಮ ಕರಾವಳಿಯಾಚೆ ಅಮೆರಿಕದ ನೌಕಾಪಡೆ ಸೆರೆಹಿಡಿದ ಜರ್ಮನ್ ಜಲಾಂತರ್ಗಾಮಿ ಯು-505, 1954ರಿಂದ ಇಲ್ಲಿನ (ಈಗ ಗ್ರಿಫಿನ್) ಮ್ಯೂಸಿಯಂ ಆಫ್ ಸೈನ್ಸ್ ಆ್ಯಂಡ್ ಇಂಡಸ್ಟ್ರಿಯಲ್ಲಿದೆ. ‘ದಾಸ್ ಬೋಟ್’ ನೋಡಿದ ಮರುವಾರ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಿರಿ. ಒಳಗೆ ಹೋಗುವ ಪ್ರವಾಸಕ್ಕೆ ಪ್ರತ್ಯೇಕ ಟಿಕೆಟ್ ಬೇಕಾಗುತ್ತದೆ, ಮೊದಲೇ ವಿಚಾರಿಸಿ. ಚಿತ್ರದಲ್ಲಿರುವುದು ಇದಕ್ಕಿಂತ ಚಿಕ್ಕ ಮಾದರಿಯ ದೋಣಿ. ಸುಮಾರು 252 ಅಡಿ ಉದ್ದದ ಈ ದೊಡ್ಡ ದೋಣಿಯೊಳಗೇ ಉಸಿರು ಕಟ್ಟಿದಂತಾದರೆ, ಚಿಕ್ಕದರಲ್ಲಿ ವಾರಗಟ್ಟಲೆ ಇದ್ದವರ ಪಾಡು ಮಕ್ಕಳಿಗೆ ಪಾಠವಿಲ್ಲದೆ ತಿಳಿಯುತ್ತದೆ.

ಮೊದಲ ಮಹಾಯುದ್ಧದ ಚಿತ್ರ ನೋಡಿದರೆ ವೀಟನ್‌ನ ಕ್ಯಾಂಟಿನಿ ಉದ್ಯಾನಕ್ಕೆ ಹೋಗಿ. 1918ರ ಮೇ ತಿಂಗಳಲ್ಲಿ ಅಮೆರಿಕದ ಸೇನೆ ಗೆದ್ದ ಫ್ರಾನ್ಸಿನ ಹಳ್ಳಿಯ ಹೆಸರು ಅದು. ಅಲ್ಲಿ ಹೋರಾಡಿ ಬಂದ ‘ಶಿಕಾಗೋ ಟ್ರಿಬ್ಯೂನ್’ ಪ್ರಕಾಶಕ ರಾಬರ್ಟ್ ಮೆಕಾರ್ಮಿಕ್ ತಮ್ಮ ಎಸ್ಟೇಟಿಗೆ ಆ ಹೆಸರಿಟ್ಟರು. ಅಲ್ಲಿನ ಫಸ್ಟ್ ಡಿವಿಷನ್ ಮ್ಯೂಸಿಯಂನಲ್ಲಿ ಅಮೆರಿಕದ ಸೈನಿಕನ ಕಥೆಯಿದೆ. ಅದೇ ವಾರ ‘ಆಲ್ ಕ್ವಯಟ್’ನ ಜರ್ಮನ್ ಹುಡುಗನನ್ನೂ ಕಂಡರೆ ಕಂದಕದ ಎರಡೂ ದಡ ಕಂಡಂತಾಗುತ್ತದೆ.

ಇನ್ನೊಂದು ಮಾತು. ಶಿಕಾಗೋದಲ್ಲಿ ಪೋಲಿಷ್, ಉಕ್ರೇನಿಯನ್, ಬೋಸ್ನಿಯನ್, ವಿಯೆಟ್ನಾಮಿ ಕುಟುಂಬಗಳಿವೆ. ಡೆಟ್ರಾಯಿಟ್ ಪಕ್ಕದ ಡಿಯರ್‌ಬಾರ್ನ್‌ನಲ್ಲಿ ಲೆಬನಾನ್, ಇರಾಕ್‌ಗಳಿಂದ ಬಂದವರಿದ್ದಾರೆ. ಈ ಚಿತ್ರಗಳ ಪಾತ್ರಗಳಂಥವರೇ ನಮ್ಮ ಸಹೋದ್ಯೋಗಿಗಳು, ಮಕ್ಕಳ ಸಹಪಾಠಿಗಳು. ಅವರ ನಾಡಿನ ಒಂದು ಚಿತ್ರ ನೋಡಿದ್ದರೆ ಅವರ ಮೌನವನ್ನು ಗೌರವಿಸುವುದು ಗೊತ್ತಾಗುತ್ತದೆ. ಈ ಚಿತ್ರಗಳನ್ನು ಇಲ್ಲಿ ಕೂತು ನೋಡಬೇಕೆಂದು ನಾನು ಒತ್ತಾಯಿಸುವುದು ಮುಖ್ಯವಾಗಿ ಇದೇ ಕಾರಣಕ್ಕೆ.

ಎಚ್ಚರಿಕೆಗಳು

• ‘ಗ್ರೇವ್ ಆಫ್ ದ ಫೈರ್‌ಫ್ಲೈಸ್’ ಕಾರ್ಟೂನ್ ಎಂದು ಸಣ್ಣ ಮಕ್ಕಳ ಮುಂದೆ ಹಾಕಬೇಡಿ. ಹಸಿವಿನಿಂದ ಮಗುವೊಂದು ಕೃಶವಾಗುತ್ತ ಹೋಗುವುದನ್ನು ಅದು ನೇರವಾಗಿ ತೋರಿಸುತ್ತದೆ. ಹದಿಮೂರು ದಾಟಿದವರಿಗೆ ಮಾತ್ರ, ಅದೂ ಅಪ್ಪ-ಅಮ್ಮ ಪಕ್ಕದಲ್ಲಿದ್ದಾಗ.

• ‘ಕಮ್ ಆ್ಯಂಡ್ ಸೀ’ ವಯಸ್ಕರಿಗೆ ಮಾತ್ರ. 1943ರ ಬೆಲರೂಸ್‌ನಲ್ಲಿ ಜನಸಮೇತ ಹಳ್ಳಿಗಳನ್ನು ಸುಟ್ಟ ಘಟನೆಗಳು ಅದರ ಆಧಾರ. ಹಸುವೊಂದು ಗುಂಡಿಗೆ ಬಲಿಯಾಗುವ ದೀರ್ಘ ದೃಶ್ಯವೂ ಇದೆ, ನಮ್ಮ ಅನೇಕ ಮನೆಗಳಲ್ಲಿ ಅದನ್ನು ತಡೆದುಕೊಳ್ಳಲಾರರು. ರಾತ್ರಿ ಒಬ್ಬರೇ ಕೂತು ನೋಡಬೇಡಿ.

• ‘ಟರ್ಟಲ್ಸ್ ಕ್ಯಾನ್ ಫ್ಲೈ’ ಮಕ್ಕಳ ಹಾಸ್ಯದೊಂದಿಗೆ ಶುರುವಾಗುತ್ತದೆ, ಆದರೆ ಅತ್ಯಾಚಾರ ಮತ್ತು ಆತ್ಮಹತ್ಯೆಯ ಎಳೆಗಳಿವೆ. ಮೊದಲೇ ತಿಳಿಸಿ.

• ಯುದ್ಧ ಕಂಡು ಬಂದ ನೆರೆಯವರಿಗೆ, ನಿವೃತ್ತ ಸೈನಿಕರಿಗೆ ಅವರದೇ ಯುದ್ಧದ ಚಿತ್ರವನ್ನು ಎಂದೂ ಅಚ್ಚರಿಯ ಉಡುಗೊರೆಯಾಗಿ ತೋರಿಸಬೇಡಿ. ಅವರೇ ಬಯಸಿದರೆ ಜೊತೆಗೆ ಕೂತುಕೊಳ್ಳಿ.

• ಮನೆಗೆಂದು ಕೊಂಡ ಅಥವಾ ಲೈಬ್ರರಿಯಿಂದ ತಂದ ಡಿವಿಡಿಯನ್ನು ಕನ್ನಡ ಕೂಟದ ಸಭಾಂಗಣದಲ್ಲಿ ಹಾಕಲು ಬರುವುದಿಲ್ಲ. ಟಿಕೆಟ್ ಇಲ್ಲದಿದ್ದರೂ ಸಾರ್ವಜನಿಕ ಪ್ರದರ್ಶನಕ್ಕೆ ಪ್ರತ್ಯೇಕ ಪರವಾನಗಿ ಬೇಕು.

ಸಾಮಾನ್ಯವಾಗಿ ಆಗುವ ತಪ್ಪುಗಳು

1. ಅವಧಿ ನೋಡದೆ ಶುರುಮಾಡುವುದು. ‘ದಾಸ್ ಬೋಟ್’ಗೆ ಎರಡೂವರೆ ಗಂಟೆಯ ಮೊದಲ ಆವೃತ್ತಿ, 1997ರ ಮೂರೂವರೆ ಗಂಟೆಯ ನಿರ್ದೇಶಕರ ಆವೃತ್ತಿ, ಐದು ಗಂಟೆ ಸಮೀಪದ ಟಿವಿ ಸರಣಿ ಎಂದು ಮೂರು ರೂಪಗಳಿವೆ. ಮೊದಲ ಸಲಕ್ಕೆ ನಿರ್ದೇಶಕರ ಆವೃತ್ತಿಯನ್ನು ಎರಡು ಸಂಜೆಗೆ ಹಂಚಿಕೊಳ್ಳಿ. ಇದೇ ಹೆಸರಿನ ಹೊಸ ಟಿವಿ ಸರಣಿಯೂ ಇದೆ, ಅದು ಬೇರೆ ಕಥೆ.

2. ಹೊರದೇಶದ ಡಿಸ್ಕ್ ತರಿಸಿ ಮೋಸಹೋಗುವುದು. ಭಾರತ, ಯುರೋಪಿನ ಡಿಸ್ಕ್‌ಗಳ ಪ್ರದೇಶ ಸಂಕೇತ ಬೇರೆ ಇರಬಹುದು, ಇಲ್ಲಿನ ಪ್ಲೇಯರ್ ಓದದು. ಕೊಳ್ಳುವ ಮುನ್ನ ಸಂಕೇತ ನೋಡಿ.

3. ಒಂದು ಚಿತ್ರವನ್ನೇ ಒಂದು ದೇಶದ ತೀರ್ಪೆಂದು ಭಾವಿಸುವುದು. ‘ಗ್ರೇವ್ ಆಫ್ ದ ಫೈರ್‌ಫ್ಲೈಸ್’ ಮಾತ್ರ ನೋಡಿದರೆ ಜಪಾನಿ ಸೇನೆ ಏಷ್ಯಾದಲ್ಲಿ ಮಾಡಿದ್ದು ತಿಳಿಯದು. ಅದಕ್ಕೆ ಜೋಡಿಯಾಗಿ, ಮಂಚೂರಿಯಾದ ಜಪಾನಿ ಶಿಬಿರಗಳ ಕ್ರೌರ್ಯ ತೋರಿಸುವ ‘ದಿ ಹ್ಯೂಮನ್ ಕಂಡಿಷನ್’ ಮೊದಲ ಭಾಗವನ್ನು ನೋಡಿ. ಅದೂ ಜಪಾನಿ ನಿರ್ದೇಶಕರದ್ದೇ.

4. ಹಾಲಿವುಡ್ಡನ್ನು ಜರೆಯುತ್ತ ಶಿಫಾರಸು ಮಾಡುವುದು. ‘ಪಾತ್ಸ್ ಆಫ್ ಗ್ಲೋರಿ’ (1957) ಕೂಡ ಅಲ್ಲಿಂದಲೇ ಬಂದದ್ದು. ಮಗನ ಇಷ್ಟದ ಚಿತ್ರವನ್ನು ಹೀಗಳೆದರೆ ನಿಮ್ಮ ಚಿತ್ರವನ್ನು ಅವನು ನೋಡುವುದಿಲ್ಲ. ಅವನ ಚಿತ್ರ ಒಂದು ವಾರ, ನಿಮ್ಮದು ಮರುವಾರ ಎಂದು ಒಪ್ಪಂದ ಮಾಡಿಕೊಳ್ಳಿ.

5. ನಮ್ಮದನ್ನು ಮರೆಯುವುದು. ಎಸ್.ವಿ. ರಾಜೇಂದ್ರಸಿಂಗ್ ಬಾಬು ನಿರ್ದೇಶನದ ‘ಮುತ್ತಿನ ಹಾರ’ (1990) ಕೊಡವ ಸೈನಿಕ ಅಚ್ಚಪ್ಪ ಮತ್ತು ಅವನ ಹೆಂಡತಿ ಅನ್ನಪೂರ್ಣೆಯ ಬದುಕನ್ನು ಎರಡನೇ ಮಹಾಯುದ್ಧದಿಂದ ಸ್ವಾತಂತ್ರ್ಯಾನಂತರದ ಯುದ್ಧಗಳವರೆಗೆ ಹಿಂಬಾಲಿಸುತ್ತದೆ. ವಿಷ್ಣುವರ್ಧನ್, ಸುಹಾಸಿನಿಯವರ ಅಭಿನಯ, ಹಂಸಲೇಖರ ಸಂಗೀತ. ಕನ್ನಡದ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಪಡೆಯಿತು. ಅತ್ತು ನಗುವ ನಮ್ಮ ಸಿನಿಮಾದ ಧಾಟಿಯೇ ಅದರದ್ದೂ, ಆದರೆ ಯುದ್ಧ ಒಂದು ಸಂಸಾರದಿಂದ ಏನೇನನ್ನು ಕಸಿಯುತ್ತದೆ ಎಂದು ಹೇಳುವಾಗ ಅದು ಹಿಂಜರಿಯುವುದಿಲ್ಲ. ಅಜ್ಜ-ಅಜ್ಜಿ ಮನೆಯಲ್ಲಿದ್ದಾಗ ಮೊದಲು ಇದನ್ನೇ ಹಾಕಿ. ಆ ಸಂಜೆ ಸಬ್‌ಟೈಟಲ್ ಬೇಕಾಗುವುದು ಮೊಮ್ಮಕ್ಕಳಿಗೆ.

ನಾಲ್ಕು ವಾರಾಂತ್ಯದ ಯೋಜನೆ

ಮೊದಲ ವಾರ ‘ಮುತ್ತಿನ ಹಾರ’. ಎರಡನೇ ವಾರ ‘ಬಲ್ಲಾಡ್ ಆಫ್ ಎ ಸೋಲ್ಜರ್’. ಮೂರನೇ ವಾರ ‘ನೋ ಮ್ಯಾನ್ಸ್ ಲ್ಯಾಂಡ್’. ನಾಲ್ಕನೇ ವಾರ ಶನಿವಾರ, ಭಾನುವಾರ ‘ದಾಸ್ ಬೋಟ್’, ಬಳಿಕ ಬಿಡುವಾದಾಗ ಮ್ಯೂಸಿಯಂ ಭೇಟಿ. ಲೈಬ್ರರಿಯ ಹೋಲ್ಡ್ ಬರಲು ದಿನಗಳು ಹಿಡಿಯಬಹುದಾದ್ದರಿಂದ ಬೇಕಾದ ಡಿಸ್ಕ್‌ಗಳನ್ನೆಲ್ಲ ಒಟ್ಟಿಗೆ ಕೇಳಿಡಿ.

ಆಮೇಲೆ ನೀವೂ ಇನ್ನೊಬ್ಬರಿಗೆ ಹೇಳಿ. ಹೇಳುವಾಗ ಉದ್ದ ಪಟ್ಟಿ ಕಳಿಸಬೇಡಿ. ಒಂದು ಚಿತ್ರದ ಹೆಸರು, ಅದನ್ನು ಅವರಿಗೇ ಯಾಕೆ ಹೇಳುತ್ತಿದ್ದೀರಿ ಎಂಬ ಕಾರಣ, ಅವರು ಮೊದಲೇ ತಿಳಿದಿರಬೇಕಾದ ಎಚ್ಚರಿಕೆ, ಇಷ್ಟೇ ಹೇಳಿ. ‘ಲಗಾನ್ ಸೋತದ್ದು ಯಾವುದಕ್ಕೆ ಗೊತ್ತಾ? ನೋ ಮ್ಯಾನ್ಸ್ ಲ್ಯಾಂಡ್ ನೋಡಿ, ನಿಮಗೆ ಹಿಡಿಸುತ್ತದೆ. ಬೈಗುಳ ಜಾಸ್ತಿ, ಮಕ್ಕಳು ಮಲಗಿದ ಮೇಲೆ ಹಾಕಿ’ ಎಂದರೆ ಆ ಮನೆಯವರು ಈ ವಾರವೇ ನೋಡುತ್ತಾರೆ, ಮುಂದಿನ ವಾರ ಇನ್ನೊಂದು ಹೆಸರು ಕೇಳಿಕೊಂಡು ಬರುತ್ತಾರೆ.